ಸೊಹಾರಿನ ಗೆರೆ, ನೆಲ ಮುಟ್ಟದ ಹಿಮ್ಮಡಿ

ಮಸ್ಕತ್ ವಿಮಾನ ನಿಲ್ದಾಣ

ಪರದೇಶಕ್ಕೆ ಕಾಲಿಟ್ಟು ನಾನು ಮಾಡಿದ ಮೊದಲ ಕೆಲಸ ಎಂದರೆ ಒಬ್ಬ ಅಧಿಕಾರಿಯ ಎದುರು ನಿಂತು ಹಲ್ಲು ತಿಕ್ಕಿದ್ದು.

ನನ್ನ ಚೀಲದಲ್ಲಿ ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಅವುಗಳ ನಡುವೆ ಭತ್ತದ ಹೊಟ್ಟು ಸುಟ್ಟ ಬೂದಿಯ ಒಂದು ಪೊಟ್ಟಣ ಇತ್ತು. ರೊಟ್ಟಿ ಮುರಿದು ನೋಡಿದರು. ಹಿಂಡಿ ಮೂಸಿ ಸೀನಿದರು. ಬೂದಿ ಕಂಡ ಕೂಡಲೇ ಮುಖ ಬಿಗಿಯಾಯಿತು, ಇನ್ನಿಬ್ಬರು ಬಂದು ನಿಂತರು. ನನಗೆ ಅರಬ್ಬಿ ಬಾರದು, ಅವರಿಗೆ ಕನ್ನಡ ಬಾರದು. ಚಿಟಿಕೆ ಬೂದಿಯನ್ನು ತೋರುಬೆರಳಿಗೆ ಹಚ್ಚಿಕೊಂಡು ಮೇಲೆ ಕೆಳಗೆ ಹಲ್ಲು ತಿಕ್ಕಿ, ಬಾಯಿ ತೆರೆದು ತೋರಿಸಿದೆ. ದೊಡ್ಡ ಅಧಿಕಾರಿ ನಕ್ಕ. ನಗುತ್ತಲೇ ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿ, ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿದ. ನಮ್ಮ ಕಡೆ ಚೀಲ ಬಿಚ್ಚಿಸಿದವರು ಕಟ್ಟುವ ಕೆಲಸವನ್ನು ನಮಗೇ ಬಿಡುತ್ತಾರೆ. ಈತ ರೊಟ್ಟಿಯ ಗಂಟನ್ನು ತಾನೇ ಕಟ್ಟಿಕೊಟ್ಟ. ಗಂಟು ಮಾತ್ರ ಸಡಿಲಾಗಿತ್ತು.

ನಾನು ಗಂಗಾವತಿಯವನು. ಏಳನೇ ತರಗತಿಗೆ ಶಾಲೆ ಬಿಟ್ಟು ರೈಸ್ ಮಿಲ್ಲು ಸೇರಿದೆ. ಬೆಲ್ಟು, ಬೇರಿಂಗು, ಜಾಲರಿ ಎಂದು ರಿಪೇರಿ ಮಾಡುತ್ತ ಮಾಡುತ್ತ ಈಗ ನನ್ನದೇ ವರ್ಕ್‌ಶಾಪ್ ಇದೆ. ಅಲ್ಲಿಂದ ಸಿದ್ದಾಪುರದವರೆಗೆ ಯಾವ ಮಿಲ್ಲು ಕೆಟ್ಟು ನಿಂತರೂ ಮೊದಲು ಫೋನ್ ಬರುವುದು ನನಗೆ. ಜಂಬ ಎಂದುಕೊಂಡರೂ ಅಡ್ಡಿಯಿಲ್ಲ, ದುಡಿದು ಗಳಿಸಿದ ಜಂಬ. ನನಗೆ ಇನ್ನೊಂದು ಹೆಸರೂ ಇದೆ: ಅಂಪೈರ್ ಬಸಣ್ಣ. ಭತ್ತ ಕೊಯ್ದ ಗದ್ದೆಗಳಲ್ಲಿ ನಡೆಯುವ ಟೆನಿಸ್ ಬಾಲ್ ಪಂದ್ಯಗಳಿಗೆ ಎರಡೂ ತಂಡದವರು ಒಪ್ಪಿ ಕರೆಯುವ ಅಂಪೈರುಗಳು ನಮ್ಮ ಸೀಮೆಯಲ್ಲಿ ಬಹಳ ಮಂದಿ ಇಲ್ಲ.

ಸೊಹಾರ್ ಎಂಬ ಬಂದರು ಊರಿನಲ್ಲಿ ಕ್ರೇನ್ ನಡೆಸುವ ವೀರೇಶ ನನ್ನ ಹೆಂಡತಿಯ ತಮ್ಮ. ನನ್ನನ್ನು ಮಾವ ಎನ್ನುತ್ತಾನೆ. ಮಿಲ್ಲುಗಳಿಗೆ ಬಿಡುವಿರುವಾಗ ಬಂದು ಹೋಗಿ ಎಂದು ಟಿಕೆಟ್ ಕಳಿಸಿದವನು ಅವನೇ. ಕಾರಿನಲ್ಲಿ ಕೂತ ಮೇಲೆ ಅವನು ಮೊದಲು ಕೇಳಿದ್ದು ಅಕ್ಕನ ಆರೋಗ್ಯವನ್ನಲ್ಲ.

"ಮಾವ, ಶುಕ್ರವಾರ ಮ್ಯಾಚ್ ಐತ್ರಿ. ಇಲ್ಲಿ ಅಂಪೈರ್ ಸಿಗಂಗಿಲ್ಲ. ನಿಮ್ಮ ಹೆಸರು ಕೊಟ್ಟೀನಿ."

"ನಾ ಊರು ನೋಡಾಕ ಬಂದೀನೋ, ಬಿಸಿಲಾಗ ನಿಂದ್ರಾಕ ಬಂದೀನೋ?"

"ಊರು ಎಲ್ಲಿ ಹೊಕ್ಕೈತ್ರಿ, ಇಲ್ಲೇ ಇರ್ತೈತಿ."

ಮನೆ ಮುಂದೆ ಇಳಿಯುವಾಗ ಅವನು ಎಡಗಾಲಿನ ಬೆರಳುಗಳ ಮೇಲೆ ಮಾತ್ರ ಭಾರ ಹಾಕಿದ್ದು ಕಂಡಿತು. ಏನಾಗೇತೋ ಎಂದೆ. "ಹಿಂಬಡ ನೋವ್ರಿ. ದಿನಾ ದಪ್ಪ ಬೂಟು, ಕಬ್ಬಿಣದ ಏಣಿ. ಕುಂಟಗಾಲು ಅಂತ ಅಕ್ಕಗ ಹೇಳಬ್ಯಾಡ್ರಿ ಮತ್ತ" ಎಂದ.

ಮೊದಲ ಶುಕ್ರವಾರ

ಸೊಹಾರಿನ ಮೈದಾನದಲ್ಲಿ ಹುಲ್ಲು ಎಂಬುದೇ ಇಲ್ಲ. ಸಣ್ಣ ಕಲ್ಲು, ಧೂಳು, ನಡುವೆ ಸಿಮೆಂಟಿನ ಪಿಚ್ಚು, ಅದರ ಮೇಲೆ ಬಿಳಿ ಬಣ್ಣದ ಗೆರೆ. ವಾರದ ರಜೆ ಶುಕ್ರವಾರವಾದ್ದರಿಂದ ಬಿಸಿಲೇರುವ ಮೊದಲೇ ದೇಶ ದೇಶದ ಕೆಲಸಗಾರರು ಅಲ್ಲಿ ನೆರೆದಿರುತ್ತಾರೆ. ವೀರೇಶನ ತಂಡದ ಹೆಸರು ಕೊಪ್ಪಳ ಇಲೆವೆನ್. ಗಂಗಾವತಿಯವರು, ಯಲಬುರ್ಗಾದವರು, ಕೀಪರ್ ಶರಣಪ್ಪ ಕುಷ್ಟಗಿಯವನು. ಊರಲ್ಲಿದ್ದಾಗ ಒಬ್ಬರ ಊರಿನ ಹೆಸರೆತ್ತಿ ಇನ್ನೊಬ್ಬರು ಕಿಚಾಯಿಸುವವರು ಇಲ್ಲಿ ಒಂದೇ ಬಾಟಲಿಯಿಂದ ಮಜ್ಜಿಗೆ ಕುಡಿಯುತ್ತಾರೆ. ಆ ಮಜ್ಜಿಗೆಗೆ ಇವರು ಲಬನ್ ಎನ್ನುತ್ತಾರೆ, ನಮ್ಮದಕ್ಕಿಂತ ದಪ್ಪ. ಒಗ್ಗರಣೆ ಇಲ್ಲ, ಅದೊಂದು ಕೊರತೆ.

ಅಂಪೈರಿಗೆ ಪರದೇಶದಲ್ಲಿ ಸಿಗುವ ಸುಖ ಒಂದಿದೆ. ಬೈಗುಳ ತಿಳಿಯುವುದಿಲ್ಲ. ಬಂಗಾಳಿಯಲ್ಲಿ, ಪಷ್ತೋದಲ್ಲಿ, ಮಲಯಾಳಂನಲ್ಲಿ ಯಾರು ಏನೆಂದರೋ, ನಾನು ಎಲ್ಲರಿಗೂ ತಲೆಯಾಡಿಸಿದೆ.

ಈಗ ನಮ್ಮ ಊರಿನ ಪದ್ಧತಿ ಹೇಳಬೇಕು. ನಮ್ಮ ಗದ್ದೆಯ ಪಿಚ್ಚಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಹೊಟ್ಟಿನ ಬೂದಿ ನಿಲ್ಲುತ್ತದೆ. ಮಿಲ್ಲಿನಿಂದ ಚೀಲ ತಂದು ಅಂಗೈ ಅಗಲದ ಗೆರೆ ಎಳೆಯುವವನು ಅಂಪೈರೇ. ಬೌಲರ್ ಓಡಿ ಬಂದು ಬಾಲು ಬಿಟ್ಟ ಮೇಲೆ ನಾನು ಬಗ್ಗಿ ಬೂದಿ ನೋಡುತ್ತೇನೆ. ಹಿಮ್ಮಡಿಯ ಗುರುತು ಬೂದಿಯಲ್ಲೋ ಅದರ ಹಿಂದೋ ಬಿದ್ದಿದ್ದರೆ ಸರಿ. ಇಡೀ ಪಾದ ಮುಂದೆ ಬಿದ್ದಿದ್ದರೆ ನೋಬಾಲ್. ಔಟಾದವನೂ ನಾನು ಬಗ್ಗಿ ಏಳುವವರೆಗೆ ಜಾಗ ಬಿಟ್ಟು ಕದಲುವುದಿಲ್ಲ. ನೋಡುವವರೂ ಉಸಿರು ಹಿಡಿದಿರುತ್ತಾರೆ. ಬೂದಿಯ ಮುಂದೆ ಯಾರ ವಾದವೂ ನಡೆಯುವುದಿಲ್ಲ.

ಸೊಹಾರಿನಲ್ಲೂ ಹಾಗೇ ಬಗ್ಗಿದೆ. ಸಿಮೆಂಟು ಬರಿದಾಗಿತ್ತು. ಗುರುತೂ ಇಲ್ಲ, ಗೀರೂ ಇಲ್ಲ. ಕಾಲು ಮುಂದೆ ಬಿದ್ದಂತಿತ್ತಲ್ಲ ಎಂದು ನೆನಪು ಮಾಡಿಕೊಂಡು ನಾನು ನೋಬಾಲ್ ಎಂದು ಕೈ ಚಾಚುವಷ್ಟರಲ್ಲಿ ಬ್ಯಾಟ್ಸ್‌ಮನ್ ಕ್ಯಾಚ್ ಕೊಟ್ಟು ಮೈದಾನದ ಅರ್ಧ ದಾಟಿದ್ದ. ಅವನನ್ನು ಚಪ್ಪಾಳೆ ಹೊಡೆದು ಕರೆದೆ. ಬೌಲರ್ ತಲೆ ಮೇಲೆ ಕೈಹೊತ್ತ.

"ಬಸಣ್ಣಾರ, ಏನ್ ಕಳಕೊಂಡೀರಿ? ಎಲ್ಲಾರೂ ಕೂಡಿ ಹುಡುಕೂಣೇನು?" ಎಂದು ಶರಣಪ್ಪ ಕೂಗಿದ. ನಮ್ಮವರೇ ಮೊದಲು ನಕ್ಕರು. ಆ ಬೈಗುಳ ಮಾತ್ರ ನನಗೆ ಚೆನ್ನಾಗಿ ತಿಳಿಯಿತು.

ಎರಡನೇ ಶುಕ್ರವಾರ

ನಗಿಸಿಕೊಂಡು ಸುಮ್ಮನಿರುವವನು ನಾನಲ್ಲ. ಗುರುತು ಬೀಳದಿದ್ದರೆ ಬೀಳುವಂತೆ ಮಾಡಬೇಕು. ಮೊದಲು ಮೆಸ್ಸಿನ ಅಡುಗೆಯವನ ಹತ್ತಿರ ಮೈದಾ ಕೇಳಿದೆ. ತಿನ್ನುವ ಹಿಟ್ಟನ್ನು ತುಳಿಯಲು ಕೊಡುವುದಿಲ್ಲ ಎಂದ. ಅವನ ಮಾತು ನ್ಯಾಯವಾಗಿತ್ತು. ಅಂಗಡಿಗೆ ಹೋಗಿ ಮುಖಕ್ಕೆ ಹಚ್ಚುವ ಪೌಡರಿನ ದೊಡ್ಡ ಡಬ್ಬಿ ತಂದು, ಬಿಳಿ ಗೆರೆಯ ಮೇಲೂ ಅದರ ಹಿಂದೂ ಮುಂದೂ ತೆಳ್ಳಗೆ ಉದುರಿಸಿದೆ. ಇಡೀ ಪಿಚ್ಚು ಮದುವೆ ಮನೆಯಂತೆ ಘಮಘಮ ಎಂದಿತು.

ಅಚ್ಚು ಬಿದ್ದಂತೆ ಗುರುತು ಬಿತ್ತು. ಆಟಗಾರರು ಓಡಿ ಬಂದು ಬಗ್ಗಿ ನೋಡಿ, ಹೆಬ್ಬೆರಳು ಎತ್ತಿದರು. ಪಕ್ಕದ ಪಿಚ್ಚಿನವರೂ ಡಬ್ಬಿ ಕೇಳಲು ಬಂದರು. ನನ್ನ ತಲೆ ಮತ್ತೆ ನೆಟ್ಟಗಾಯಿತು.

ಅದು ಸೆಮಿಫೈನಲ್, ಕೊಪ್ಪಳ ಇಲೆವೆನ್ನಿನದೇ. ಬೇರೆ ಅಂಪೈರ್ ಇರಲಿ ಎಂದೆ, ಪೌಡರ್ ಇರುವಾಗ ಯಾರಿದ್ದರೇನು ಎಂದರು. ವೀರೇಶ ಬಾಲು ಹಾಕಲು ಬಂದ. ಮೊದಲ ಬಾಲಿಗೇ ಬಗ್ಗಿ ನೋಡಿದೆ. ಪಾದದ ಮುಂಭಾಗದ ಗುರುತು ಗೆರೆಯ ಆಚೆ. ಪೌಡರ್ ಮೇಲೆ ಹಿಮ್ಮಡಿಯ ಸುಳಿವೇ ಇಲ್ಲ. ನೋಬಾಲ್ ಎಂದೆ. ಮುಂದಿನದೂ ಹಾಗೇ. ಅದರ ಮುಂದಿನದೂ. ಒಂದು ಓವರ್ ಮುಗಿಸುವಷ್ಟರಲ್ಲಿ ಅವನು ಬೆವರಿ ತೊಪ್ಪೆಯಾದ. ಕೊಪ್ಪಳದವರು ಹೇಗೋ ಗೆದ್ದರು. ಮನೆಯಲ್ಲಿ ಊಟಕ್ಕೆ ಕೂತಾಗ ವೀರೇಶ ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಮುರಿದ.

"ಮಂದಿ ನೋಡಾಕತ್ತಾರ ಅಂತ ನನಗ ಕೊಟ್ರಿ, ಹೌದಲ್ರಿ?"

"ಪೌಡರ್ ಹೇಳ್ತು, ನಾ ಕೊಟ್ಟೆ."

"ನನ್ನ ಕಾಲು ನನಗ ಗೊತ್ತಿಲ್ಲೇನ್ರಿ ಮಾವ?"

ಫೈನಲ್‌ನಲ್ಲಿ ಎದುರಾಳಿ ನಮ್ಮ ಕರಾವಳಿಯವರ ತಂಡ. ಅದರ ನಾಯಕ ಸುಧಾಕರ, ಉಡುಪಿ ಕಡೆಯವನು, ಹೋಟೆಲಿನಲ್ಲಿ ಮ್ಯಾನೇಜರ್. ಅವನು ತಾನಾಗಿ ಬಂದು ನನ್ನ ಕೈ ಹಿಡಿದುಕೊಂಡ. "ಫೈನಲಿಗೆ ನೀವೇ ಬೇಕು ಮಾರಾಯ್ರೆ. ಹೆಂಡ್ತಿಯ ತಮ್ಮನಿಗೇ ನೋಬಾಲ್ ಕೊಟ್ಟ ಮನುಷ್ಯ ನಮಗೆಂತ ಮೋಸ ಮಾಡುದು?"

ಬಶೀರ್ ಭಾಯಿಯ ಬಸ್ಸು

ಅಲ್ಲಿ ನನ್ನೊಂದಿಗೆ ಅಂಪೈರಿಂಗ್ ಮಾಡುತ್ತಿದ್ದ ಇನ್ನೊಬ್ಬರು ಬಶೀರ್ ಭಾಯಿ, ಸಿಯಾಲಕೋಟದವರು. ಕೆಲಸಗಾರರನ್ನು ಕರೆದೊಯ್ಯುವ ಬಸ್ಸಿನ ಚಾಲಕರು. ನಮ್ಮ ಗಂಗಾವತಿಯ ಉರ್ದು ಅವರಿಗೆ ದೊಡ್ಡ ತಮಾಷೆ. ಬೇಡ ಎನ್ನಲು ನಾನು ಒಮ್ಮೆ "ನಕ್ಕೋ" ಎಂದರೆ ಸಾಕು, ಹೊಟ್ಟೆ ಹಿಡಿದು ನಗುವರು, ಮತ್ತೊಮ್ಮೆ ಹೇಳಿಸುವರು.

ಒಂದು ದಿನ ಖಾಲಿ ಬಸ್ಸಿನಲ್ಲಿ ನನ್ನನ್ನು ಸಮುದ್ರದ ಕಡೆ ಕರೆದೊಯ್ದರು. ದಾರಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಮಾತು ಕಳ್ಳ ಬಾಲುಗಳಿಗೆ ಹೊರಳಿತು. ಮೊಣಕೈ ಮಡಚಿ ಎಸೆಯುವವರು ಅವರ ಊರಲ್ಲೂ ಇದ್ದಾರಂತೆ, ಮಾವಿನ ಮರಕ್ಕೆ ಕಲ್ಲು ಹೊಡೆದು ಕಲಿತವರು. ನಮ್ಮಲ್ಲಿ ಭತ್ತಕ್ಕೆ ಬರುವ ಹಕ್ಕಿ ಓಡಿಸಿ ಕಲಿತವರು ಎಂದೆ. ಇಬ್ಬರೂ ಖುಷಿಪಟ್ಟೆವು. ಆಮೇಲೆ ಅವರು, ನಿಮ್ಮ ಹುಡುಗನಿಗೆ ಕೊಟ್ಟ ನೋಬಾಲ್‌ಗಳು ನನಗೆ ಸರಿ ಕಾಣಲಿಲ್ಲ ಎಂದರು, ಮೆಲ್ಲಗೆ.

ನನಗೆ ಸಿಟ್ಟು ಬಂತು. ಪೌಡರ್ ನೋಡಿರಲ್ಲ ಎಂದೆ.

ಅವರು ಲೋಟ ಕೆಳಗಿಟ್ಟು ಎದ್ದು, ಬಸ್ಸಿನ ಮೆಟ್ಟಿಲ ಅಂಚಿಗೆ ಕಾಲಿನ ಮುಂಭಾಗ ಮಾತ್ರ ಊರಿ ನಿಂತರು. ಹಿಮ್ಮಡಿ ರಸ್ತೆಯ ಮೇಲೆ ತೇಲುತ್ತಿತ್ತು.

"ನನ್ನ ಹಿಮ್ಮಡಿ ಎಲ್ಲಿದೆ?"

"ಗಾಳಿಯಲ್ಲಿ."

"ಆ ಗಾಳಿ ಬಸ್ಸಿನ ಒಳಗಿನದೋ, ಹೊರಗಿನದೋ?"

ಹೊರಗಿನದು ಎಂದೆ. ಎಂದ ಕೂಡಲೇ ಉಳಿದದ್ದು ಹೊಳೆಯಿತು. ಕಾಲು ನೆಲಕ್ಕೆ ಬೀಳುವ ಹೊತ್ತಿಗೆ ಹಿಮ್ಮಡಿ ನೆಲ ಮುಟ್ಟಲಿ ಬಿಡಲಿ, ಗೆರೆಯ ಹಿಂದಿನ ಗಾಳಿಯಲ್ಲಿದ್ದರೂ ಸಾಕು. ನಿಯಮ ಇರುವುದೇ ಹಾಗೆ ಎಂದು ಬಶೀರ್ ಭಾಯಿ ಹೇಳಿದರು. ನಮ್ಮ ಊರಲ್ಲಿ ಬರಿಗಾಲಲ್ಲಿ, ಕೊಯ್ದ ಗದ್ದೆಯಲ್ಲಿ ಎಲ್ಲರೂ ಹಿಮ್ಮಡಿ ಊರಿಯೇ ನಿಲ್ಲುತ್ತಾರೆ, ಇಲ್ಲವಾದರೆ ಜಾರುತ್ತಾರೆ. ಬೂದಿ ಎಂದೂ ನನಗೆ ಸುಳ್ಳು ಹೇಳಿರಲಿಲ್ಲ. ಇಲ್ಲಿ ನೋಯುವ ಹಿಮ್ಮಡಿಯನ್ನು ಎತ್ತಿಕೊಂಡು ಬೆರಳ ಮೇಲೆ ಇಳಿಯುವ ಬೌಲರ್ ಇದ್ದ. ಅವನು ನನ್ನ ಮನೆಯವನೇ.

ಅವತ್ತಿನಿಂದ ದಾರಿಯಲ್ಲಿ ನಡೆಯುವವರ ಹಿಮ್ಮಡಿ ನೋಡುವುದೇ ನನ್ನ ಕೆಲಸವಾಯಿತು. ಅರಬ್ಬರು ಉದ್ದನೆಯ ಬಿಳಿ ಅಂಗಿ ಹಾಕಿಕೊಂಡಿರುತ್ತಾರೆ. ಹಿಮ್ಮಡಿ ಕಾಣುವುದು ಕಷ್ಟ. ಒಬ್ಬ ಯಜಮಾನ ನಿಂತು, ನಾನು ಏನೋ ಬೀಳಿಸಿಕೊಂಡಿದ್ದೇನೆ ಎಂದು ತಿಳಿದು, ತಾನೂ ಬಗ್ಗಿ ಹುಡುಕಿದ.

ನೀರಿನ ಪಾಳಿ

ನಡುವೆ ವೀರೇಶ ನನ್ನನ್ನು ಗುಡ್ಡದ ಬುಡದ ಒಂದು ಹಳ್ಳಿಗೆ ಕರೆದೊಯ್ದ. ನಮ್ಮ ಕಡೆಯ ಹೇಮಗುಡ್ಡದ ಹಾಗೇ ಬಂಡೆ, ಆದರೆ ಒಂದು ಗಿಡವೂ ಇಲ್ಲ. ಬುಡದಲ್ಲಿ ಖರ್ಜೂರದ ತೋಟ. ಮೊಣಕಾಲುದ್ದದ ಕಲ್ಲಿನ ಕಾಲುವೆಯಲ್ಲಿ ನೀರು ಸದ್ದಿಲ್ಲದೆ ಬರುತ್ತದೆ, ಇದಕ್ಕೆ ಫಲಜ್ ಎನ್ನುತ್ತಾರೆ. ತುಂಗಭದ್ರೆಯ ಕಾಲುವೆ ನೋಡಿದವನಿಗೆ ಇದು ಆಟಿಕೆ. ಆದರೆ ನಮ್ಮಲ್ಲಿ ಮೇಲಿನವರು ನೀರು ಹಿಡಿದರೆಂದು ಕೆಳಗಿನವರು ಗುದ್ದಲಿ ಎತ್ತುತ್ತಾರೆ, ಮುನಿರಾಬಾದಿನ ನೀರಾವರಿ ಕಚೇರಿ ಮುಂದೆ ಕೂರುತ್ತಾರೆ. ಇಲ್ಲಿ ಒಬ್ಬ ಮುದುಕ ನೆಟ್ಟ ಕೋಲಿನ ನೆರಳು ನೋಡಿ, ಒಂದು ತೋಟದ ಬಾಯಿಗೆ ಕಲ್ಲಿಟ್ಟು ಮುಂದಿನ ತೋಟಕ್ಕೆ ಬಿಟ್ಟ. ಯಾರೂ ಚಕಾರ ಎತ್ತಲಿಲ್ಲ.

"ಆ ಅಜ್ಜನ ತ್ವಾಟ ಎಲ್ಲೈತಿ ಕೇಳು" ಎಂದೆ.

ವೀರೇಶ ತನ್ನ ಹರುಕು ಅರಬ್ಬಿಯಲ್ಲಿ ಕೇಳಿದ. ಈಗ ಕಲ್ಲಿಟ್ಟು ಮುಚ್ಚಿದ್ದೇ ಅವರ ಮಗನ ತೋಟವಂತೆ. ಮಗ ಅಲ್ಲೇ ಗುದ್ದಲಿ ಹಿಡಿದು ನಿಂತಿದ್ದ, ಅರ್ಧ ಮಡಿ ಒಣಗೇ ಇತ್ತು. ಅವನು ಗುದ್ದಲಿ ಹೆಗಲಿಗಿಟ್ಟು ನಮಗೆ ಖರ್ಜೂರ ತಂದುಕೊಟ್ಟ.

ವಾಪಸು ಬರುವಾಗ ವೀರೇಶನಿಗೆ ಬಸ್ಸಿನ ಮೆಟ್ಟಿಲ ಮಾತು ಹೇಳಿದೆ. ನಿನ್ನ ಬಾಲುಗಳು ಸರಿ ಇದ್ದಿರಬೇಕು, ನಾನೇ ತಪ್ಪಿದೆ ಎಂದೆ. ಅವನು ಹೂಂ ಎಂದ. ಆ ಹೂಂನಲ್ಲಿ ನಂಬಿಕೆ ಇರಲಿಲ್ಲ.

ಫೈನಲ್

ಪೌಡರ್ ಬೇಡ ಎಂದು ನಾನು ಹೇಳಿದೆ. ಎರಡೂ ತಂಡದವರು ಬೇಕೇ ಬೇಕು ಎಂದರು. ಪಂದ್ಯ ನಡೆಸುವವರು ಆಗಲೇ ಹೊಸ ಡಬ್ಬಿ ತಂದಿದ್ದರು. ಹಾಗಾದರೆ ಕೇಳಿಕೊಳ್ಳಿ ಎಂದು ಇಬ್ಬರೂ ನಾಯಕರನ್ನು ಕರೆದು ಹೇಳಿದೆ: ಹಿಮ್ಮಡಿ ಗಾಳಿಯಲ್ಲಿದ್ದು ಗೆರೆಯ ಹಿಂದಿದ್ದರೆ ಅದು ಸರಿಯಾದ ಬಾಲು, ಅದನ್ನು ನಾನು ಕಣ್ಣಿಂದ ನೋಡುತ್ತೇನೆ, ಆ ಕ್ಷಣಕ್ಕೇ ಹೇಳುತ್ತೇನೆ, ಬಗ್ಗಿ ನೋಡುವುದಿಲ್ಲ. ಸುಧಾಕರ ಬೂಟಿನ ದಾರ ಕಟ್ಟಿಕೊಳ್ಳುತ್ತ "ಆಯ್ತು ಮಾರಾಯ್ರೆ, ಆಯ್ತು" ಎಂದ. ಟಾಸ್ ಹೊತ್ತಿನಲ್ಲಿ ಅಂಪೈರ್ ಹೇಳುವುದನ್ನು ಯಾವ ದೇಶದಲ್ಲೂ ಯಾರೂ ಕೇಳುವುದಿಲ್ಲ.

ಕೊನೆಯ ಬಾಲಿಗೆ ಬಂದು ನಿಂತಾಗ ಕರಾವಳಿಯವರಿಗೆ ಮೂರು ರನ್ ಬೇಕಿತ್ತು. ಬಾಲು ವೀರೇಶನ ಕೈಯಲ್ಲಿ. ನನ್ನ ಪಕ್ಕದಲ್ಲಿ, ಓಡಲು ತಯಾರಾಗಿ ನಿಂತವನು ಸುಧಾಕರನೇ. ಬಶೀರ್ ಭಾಯಿ ದೂರದಲ್ಲಿ ಲೆಗ್ ಕಡೆ.

ವೀರೇಶ ಓಡಿ ಬಂದ. ನಾನು ಅವನ ಮುಖ ನೋಡಲಿಲ್ಲ, ಕೈ ನೋಡಲಿಲ್ಲ, ಎಡ ಬೂಟನ್ನು ಮಾತ್ರ ನೋಡಿದೆ. ಬೆರಳು ಗೆರೆ ದಾಟಿ ಇಳಿಯಿತು. ಹಿಮ್ಮಡಿ ಮೇಲೆ ನಿಂತಿತ್ತು, ಪೌಡರಿನ ನೇರಕ್ಕೆ, ಗೆರೆಯ ಹಿಂದೆ. ಹಿಮ್ಮಡಿಯ ಕೆಳಗೆ ಬೆಳಕು ಕಂಡಿತು. ನಾನು ಬಾಯಿ ತೆರೆಯಲಿಲ್ಲ. ನಡುವಿನ ವಿಕೆಟ್ ಹಾರಿ ಬಿತ್ತು.

ಕೊಪ್ಪಳದವರು ಒಬ್ಬರ ಮೇಲೊಬ್ಬರು ಬಿದ್ದರು. ಸುಧಾಕರ ಕದಲಲಿಲ್ಲ. ಬ್ಯಾಟಿನ ತುದಿಯಿಂದ ನೆಲ ತೋರಿಸಿದ. ಗೆರೆಯ ಮೇಲಿನ, ಹಿಂದಿನ ಪೌಡರ್ ಉದುರಿಸಿದ ಹಾಗೇ ಇತ್ತು; ಗೆರೆಯಾಚೆ ಅರ್ಧ ಬೂಟಿನ ಗುರುತು.

"ಇದೆಂತ ಇದು?"

"ಔಟ್" ಎಂದೆ.

"ಮೊನ್ನೆ ಇದೇ ಪೌಡರ್, ಇದೇ ಕಾಲು, ನೋಬಾಲ್. ಇವತ್ತು ಬಾಮೈದನಿಗೆ ಕಪ್ ಬೇಕಾಯ್ತಾ?"

ಮೈದಾನದ ಮಂದಿ ಎಲ್ಲ ಪಿಚ್ಚಿನ ಸುತ್ತ ನೆರೆಯಿತು. ಪೌಡರ್ ನೋಡುವರು, ನನ್ನ ಮುಖ ನೋಡುವರು. ಬಶೀರ್ ಭಾಯಿಯನ್ನು ಕೇಳಿದರು. ಅವರು, ನಾನು ನಿಂತಲ್ಲಿಂದ ಆ ಕಾಲು ಕಾಣುವುದಿಲ್ಲ, ಆ ಗೆರೆ ಇವರದು ಎಂದರು. ಅವರು ಹೇಳಬೇಕಾದದ್ದೂ ಅಷ್ಟೇ. ಒಂದು ಕೈ ಚಾಚಿ ನೋಬಾಲ್ ಎಂದಿದ್ದರೆ ಅಲ್ಲಿದ್ದವರೆಲ್ಲ ನನ್ನನ್ನು ಹೊತ್ತು ಮೆರೆಸುತ್ತಿದ್ದರು. ಬಸಣ್ಣ ಎಂದರೆ ಸತ್ಯವಂತ ಎಂಬ ಹೆಸರು ಸಿದ್ದಾಪುರಕ್ಕೆ ನನಗಿಂತ ಮೊದಲು ತಲುಪುತ್ತಿತ್ತು. ಬಾಲು ಮಾತ್ರ ಸರಿಯಾಗಿತ್ತು.

"ಮೊನ್ನೆ ಕೊಟ್ಟಿದ್ದು ನನ್ನ ತಪ್ಪು. ಆಟಕ್ಕಿಂತ ಮೊದಲ ನಿಮಗ ಹೇಳೀನಿ" ಎಂದೆ. "ಪೌಡರ್ ನೆಲ ಮುಟ್ಟಿದ್ದಷ್ಟ ಹೇಳ್ತೈತಿ. ಮುಟ್ಟಲಾರದ್ದು ನೋಡಾಕ ನನ್ನ ಇಲ್ಲಿ ನಿಲ್ಲಿಸೀರಿ. ನಾ ನೋಡೀನಿ. ಔಟ್ ಅಂದ್ರ ಔಟ್."

ಸುಧಾಕರ ಕೈಗವಸು ಬಿಚ್ಚಿದ. "ಗಟ್ಟಿ ಮನುಷ್ಯ ಮಾರಾಯ್ರೆ ನೀವು. ಆದ್ರೆ ನಾನು ನಂಬುದಿಲ್ಲ" ಎಂದು ನಡೆದ. ಕೈಕುಲುಕಲಿಲ್ಲ.

ಕಾರಿನಲ್ಲಿ ಶರಣಪ್ಪ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದ. "ಬಸಣ್ಣಾರ, ಇವತ್ತ ಸಂಬಂಧ ಉಳಿಸಿದ್ರಿ ನೋಡ್ರಿ!" ಎಂದ, ಹೊಗಳಿಕೆ ಎಂದೇ. ಅವನನ್ನು ಇಳಿಸಿದ ಮೇಲೆ ವೀರೇಶ ರಸ್ತೆ ನೋಡುತ್ತಲೇ ಕೇಳಿದ.

"ಖರೇ ಹೇಳ್ರಿ ಮಾವ. ನನ್ನ ಸಲುವಾಗಿ ಕೊಟ್ರೇನು? ಕೊಟ್ಟಿದ್ರೂ ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಸುಧಾಕರನ ಮಾತು ಅಷ್ಟು ಚುಚ್ಚಿರಲಿಲ್ಲ.

"ನೀ ಹಾಕಿದ ಬಾಲು ನಿನಗ ಗೊತ್ತಿಲ್ಲೇನೋ?"

"ಓಡಿ ಬರೋ ಮುಂದ ಹಿಂಬಡ ಎಲ್ಲಿತ್ತು ಅಂತ ಯಾರು ನೋಡ್ಕೋತಾರ್ರಿ?"

ಕಪ್ಪನ್ನು ನನ್ನ ಕೈಯಲ್ಲಿ ಊರಿಗೆ ಕಳಿಸಿ, ಸಿದ್ದಾಪುರದ ತನ್ನ ಮನೆಯಲ್ಲಿ ಇಡಿಸಬೇಕೆಂಬುದು ಅವನ ಆಸೆ. ನೋಡಲು ಬಂದವರೆಲ್ಲ ಅದರ ಕಥೆ ಕೇಳುತ್ತಾರೆ. ಮಾವ ಕೊಟ್ಟ ಕಪ್ಪು ಎಂದು ಒಬ್ಬ ಕಣ್ಣು ಮಿಟುಕಿಸಿದರೆ ಸಾಕು, ನನ್ನ ಅಂಪೈರಿಕೆ ಮುಗಿಯಿತು.

"ನೀನ ನಂಬಲಾರದ ಕಪ್ಪು ನನ್ನ ಚೀಲದಾಗ ಬರಂಗಿಲ್ಲ" ಎಂದೆ.

ವಾಪಸು

ಹೊರಡುವ ದಿನದವರೆಗೂ ಆ ಮಾತು ಮತ್ತೆ ಬರಲಿಲ್ಲ. ಬಶೀರ್ ಭಾಯಿ ಬಂದು ಖರ್ಜೂರದ ಡಬ್ಬಿ ಕೊಟ್ಟರು, ಕೊನೆಯದಾಗಿ ಒಮ್ಮೆ "ನಕ್ಕೋ" ಹೇಳಿಸಿಕೊಂಡರು. ವಿಮಾನ ನಿಲ್ದಾಣದಲ್ಲಿ ವೀರೇಶ ಚೀಲ ಇಳಿಸಿದವನು, ಹಿಂದಿನ ಸೀಟಿನಿಂದ ಟವೆಲ್ಲು ಸುತ್ತಿದ ಕಪ್ಪನ್ನೂ ಇಳಿಸಿದ.

"ನಿನಗ ಹೇಳೀನಲ್ಲ."

"ಕೇಳ್ರಿ ಮಾವ. ಇವತ್ತ ಮುಂಜಾನೆ ಮೈದಾನಕ್ಕ ಹೋಗಿದ್ದೆ. ಪೌಡರ್ ಹಾಕಿ, ಕಪ್ಪಿನ ಆಟದಾಗ ಬಂದಂಗ ಓಡಿ ಬಂದು ಬಾಲ್ ಹಾಕಿದೆ. ಶರಣಪ್ಪ ಗೆರಿ ಬಾಜೂಕ ಮಕ್ಕೊಂಡು ಫೋನಿನ್ಯಾಗ ಹಿಡದಾನ. ಸಾಕಾಗೂತನ ಹಾಕಿದೆ. ಹಿಂಬಡ ಒಮ್ಮೆನೂ ನೆಲಕ್ಕ ಹತ್ತಿಲ್ರಿ. ಒಮ್ಮೆನೂ ಗೆರಿ ದಾಟಿಲ್ಲ."

"ಮತ್ತ ಸುಧಾಕರ?"

"ಅವರಿಗೂ ಕಳಿಸೀನಿ. ನೋಡಿದೆ ಅಂತ ಬರದಾರ. ಅಷ್ಟ."

ಅವನು ಫೋನ್ ತೆರೆದು ನನ್ನ ಮುಂದೆ ಹಿಡಿದ. ನಾನು ಅದರತ್ತ ಕಣ್ಣು ಹಾಯಿಸಲಿಲ್ಲ.

"ಒಳಗ ಇಟಗೋ" ಎಂದೆ. "ನಾ ಅವತ್ತ ನೋಡೀನಿ."

ರೊಟ್ಟಿಯ ಗಂಟು ಖಾಲಿಯಾಗಿ ಚೀಲದಲ್ಲಿ ಜಾಗವಿತ್ತು. ಕಪ್ಪನ್ನು ಆ ರೊಟ್ಟಿಯ ಬಟ್ಟೆಯಲ್ಲೇ ಇಟ್ಟು, ಗಂಟನ್ನು ನಾನೇ ಬಿಗಿಯಾಗಿ ಕಟ್ಟಿದೆ.